ಹಬ್ಬಕ್ಕೆ ಮೊದಲೇ ಬಂದ ಸ್ವರ

ಬೆಳ್ತಂಗಡಿಯ ಧ್ಯಾನಕೂಟದ ಸಂಘಟಕರು ಫೋನ್ ಮಾಡಿದಾಗ ನಾನು ಬಟ್ಟೆ ಒಣಹಾಕುತ್ತಿದ್ದೆ. ಕೊಂಕಣಿಯವರು ಹೆಂಗಸರನ್ನು ಕರೆಯುವಂತೆ ಅವರು ನನ್ನನ್ನು ‘ಬಾಯಿ’ ಎಂದೇ ಕರೆಯುವುದು.

“ಬಾಯಿ, ಈ ಸಲವೂ ಪದ ಎರಡು ಸಾಕು. ಸಾಕ್ಷಿ ಮಾತ್ರ ಪೂರ್ತಿ ಹೇಳ್ಬೇಕು. ಜನ ಅದಕ್ಕೇ ಬರುವುದು.”

“ಹಾಡಿಗೆ ಬರುವುದಲ್ವಾ?”

“ಪದ ಮೊಬೈಲಲ್ಲಿ ಉಂಟಲ್ಲ ಮಾರಾಯ್ರೆ!”

ಇಪ್ಪತ್ತು ವರ್ಷಗಳಿಂದ ನಾನು ಹಾಡುತ್ತಿರುವುದು ಯೇಸುವಿನ ಹಾಡುಗಳನ್ನೇ. ಬಂಟ್ವಾಳದ ನಮ್ಮ ಚರ್ಚಿನ ಗಾಯನ ಮಂಡಳಿಯಲ್ಲಿ ಶುರುವಾದದ್ದು, ಆಮೇಲೆ ಎರಡು ಸಿ.ಡಿ., ಈಗ ಯೂಟ್ಯೂಬ್. ಕೊಂಕಣಿ, ತುಳು, ಕನ್ನಡ, ಕರೆದವರ ಭಾಷೆಯಲ್ಲಿ ಹಾಡುತ್ತೇನೆ. ಆದರೆ ಐದಾರು ವರ್ಷಗಳಿಂದ ನನ್ನನ್ನು ಕರೆಯುವುದು ಹಾಡಿಗಿಂತ ಹೆಚ್ಚಾಗಿ ಸಾಕ್ಷಿಗೆ. ಹಾಡುವ ಮೊದಲು ದೇವರು ನನ್ನ ಬದುಕಿನಲ್ಲಿ ಮಾಡಿದ್ದನ್ನು ಹತ್ತು ನಿಮಿಷ ಹೇಳಬೇಕು. ನಮ್ಮ ಧ್ಯಾನಕೂಟಗಳ ರೂಢಿ ಅದು. ನನ್ನ ಸಾಕ್ಷಿ ಹೀಗೆ: ಗಂಟಲಲ್ಲಿ ಗಂಟು ಬೆಳೆದು ಸ್ವರ ಹೋಯಿತು. ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆಗೆ ತಪ್ಪದೆ ಹೋದೆ. ಒಂಬತ್ತು ದಿನವೂ ಏನೂ ಆಗಲಿಲ್ಲ. ಹಬ್ಬದ ಬೆಳಿಗ್ಗೆ, ಮಕ್ಕಳು ಮರಿಯಮ್ಮನಿಗೆ ಹೂ ಹಾಕುವಾಗ, ಸ್ವರ ಬಂತು.

ಈ ಸಲ ಕರಪತ್ರದಲ್ಲಿ ಹಾಕಲು ಅದು ಯಾವ ವರ್ಷ ಎಂದು ಸಂಘಟಕರು ಕೇಳಿದರು. ನನಗೆ ಖಚಿತವಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಆಧಾರ ನೋಡದೆ ಹೇಳುವುದು ಹೇಗೆ? ಕಪಾಟಿನಿಂದ ಹಳೆಯ ದಿನಚರಿ ತೆಗೆದೆ.

ಒಂಬತ್ತು ದಿನಗಳ ಪೈಕಿ ಮೂರನೆಯ ದಿನದ ಪುಟದಲ್ಲಿ ನನ್ನದೇ ಅಕ್ಷರ: “ಬಿ.ಸಿ. ರೋಡಿನಿಂದ ಬರುವಾಗ ವಾಮದಪದವಿನಲ್ಲಿ ಇಳಿಯಬೇಕಿತ್ತು, ಕಂಡಕ್ಟರ್ ಬಸ್ಸು ನಿಲ್ಲಿಸಲಿಲ್ಲ. ಕೂಗಿದೆ. ಸ್ವರ ಬಂತು. ಡಾಕ್ಟರ್ ಹೇಳಿದ ಮೌನದ ಆರು ವಾರ ಮುಗಿಯಲು ಇನ್ನೆರಡು ದಿನ ಉಂಟು. ಡಾಕ್ಟರಿಗೆ ಹೇಳುವುದು ಬೇಡ.”

ನಿಂತಲ್ಲೇ ಮೂರು ಸಲ ಓದಿದೆ. ಕಂಡಕ್ಟರನಿಗೆ ನಾನು ಕೂಗಿದ್ದು ತುಳುವಿನಲ್ಲಿ, “ಉಂತಾಲೆ ಮಾರಾಯ್ರೆ!”, ನಿಲ್ಲಿಸಿ ಎಂದು ಇರಬೇಕು. ಇರಬೇಕು ಎನ್ನುತ್ತೇನೆ, ನೆನಪಿದೆ ಎನ್ನಲಾರೆ.

ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ. ಆದದ್ದು ಹೀಗೆ ಎಂದು ಈಗ ಊಹಿಸುತ್ತೇನೆ. ಮೊದಮೊದಲು ಬಸ್ಸಿನ ವಿಷಯವನ್ನೂ ಹೇಳುತ್ತಿದ್ದೆ, ಜನ ನಗುತ್ತಿದ್ದರು. ಮುಂದಿನ ಹಾಡು ನಿಧಾನದ್ದು, ನಕ್ಕ ಸಭೆಯಲ್ಲಿ ಅದು ಕೂರುತ್ತಿರಲಿಲ್ಲ. ಹಾಗಾಗಿ ಬಸ್ಸನ್ನು ಬಿಟ್ಟೆ. ಬಸ್ಸು ಹೋದ ಮೇಲೆ ಆರು ವಾರದ ಮೌನಕ್ಕೂ ಜಾಗವಿರಲಿಲ್ಲ. ಬಾಯಿ ಮುಚ್ಚಿ ಕುಳಿತದ್ದನ್ನು ಎಷ್ಟು ಹೊತ್ತು ಹೇಳುವುದು? ಹಾಡಿಗಾಗಿ ಕತ್ತರಿಸಿದ್ದನ್ನೆಲ್ಲ ನಾನೇ ಮರೆತೆ. ಉಳಿದದ್ದು ಹಬ್ಬ ಒಂದೇ.

ಆ ವಾರವಿಡೀ ಪ್ರಾರ್ಥನೆಗೆ ಕುಳಿತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಸ್ವರ ಕೊಟ್ಟದ್ದು ಮೌನವಾದರೆ, ಇಷ್ಟು ವರ್ಷ ನಾನು ಧನ್ಯವಾದ ಹೇಳಿದ್ದು ಯಾರಿಗೆ? ಮೌನವನ್ನೂ ದೇವರೇ ಕೊಟ್ಟ ಎನ್ನಬಹುದು. ಎನ್ನಬಹುದು ನಿಜ, ಆದರೆ ಎಷ್ಟು ಬೇಗ ಆ ಉತ್ತರ ಬಾಯಿಗೆ ಬಂತು ಎಂದು ಹೆದರಿದೆ. ಅಷ್ಟು ಸಲೀಸಾದ ಉತ್ತರ ಕೊಡುವ ಅಭ್ಯಾಸವೇ ನನ್ನನ್ನು ಇಲ್ಲಿಗೆ ತಂದದ್ದಲ್ಲವೇ?

ಆದರೂ ಧ್ಯಾನಕೂಟದ ದಿನ ಹೋಗುವಾಗ ಹಳೆಯ ಸಾಕ್ಷಿಯನ್ನೇ ಹೇಳುವುದೆಂದು ಇದ್ದೆ. ಯಾರಿಗೆ ನಷ್ಟ?

ಅದು ಈ ಸಲದ ಒಂಬತ್ತು ದಿನದ ಪ್ರಾರ್ಥನೆಯಲ್ಲಿ ಐದನೆಯ ದಿನ. ಸಭಾಂಗಣದ ಹೊರಗೆ ಚಹಾ ಕುಡಿಯುವಾಗ ಮೂಡುಬಿದಿರೆಯ ಒಬ್ಬ ಟೀಚರ್ ಬಂದು ಕೈ ಹಿಡಿದರು. ಅಲ್ಲಿಯ ಚರ್ಚೊಂದರಲ್ಲಿ ಹಾಡಿಸುವವರು. ಸ್ವರ ಒಡೆದ ಬಿದಿರಿನಂತಿತ್ತು.

“ನನಗೂ ಗಂಟಲಲ್ಲಿ ಗಂಟು, ಬಾಯಿ. ಮಾತೇ ಆಡ್ಬಾರ್ದು ಅಂದ್ರು ಡಾಕ್ಟರ್. ನಾನು ಕೇಳ್ಲಿಲ್ಲ. ನಾಲ್ಕು ದಿನವೂ ಹಾಡಿದ್ದೇನೆ, ಇವತ್ತು ಸಂಜೆಯೂ ಹಾಡ್ತೇನೆ. ನಿಮ್ಮದು ಹಬ್ಬಕ್ಕೆ ಬಂತಲ್ಲ, ನನ್ನದೂ ಬರ್ತದೆ.”

“ನೋವು ಉಂಟಾ?” ಎಂದೆ.

“ನಿನ್ನೆ ರಕ್ತದ ರುಚಿ ಬಂತು. ಅಡ್ಡಿಲ್ಲ.” ಅವರು ನಕ್ಕರು. ನಗುವಿಗೆ ಸದ್ದಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಮೈಕಿನಲ್ಲಿ ನನ್ನನ್ನು ಕರೆದರು. ಅಲ್ಲೇ, ಅವರೊಬ್ಬರಿಗೇ ನಿಜ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ? ಸಮಯವಿರಲಿಲ್ಲ ಎಂಬುದು ಒಂದು ಕಾರಣ. ಒಪ್ಪಿಕೊಳ್ಳುವುದನ್ನೂ ಮೈಕಿನ ಮುಂದೆಯೇ ಮಾಡುವ ಚಾಳಿ ನನಗಿರಬಹುದು ಎಂಬುದು ಇನ್ನೊಂದು.

“ಇಷ್ಟು ವರ್ಷ ನಾನು ಹೇಳಿದ್ದರಲ್ಲಿ ತಪ್ಪು ಉಂಟು,” ಎಂದು ಶುರುಮಾಡಿದೆ. ದಿನಚರಿಯಲ್ಲಿ ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಆ ಕೂಗಿನವರೆಗೆ, ಸುಮಾರು ಆರು ವಾರ, ಒಂದು ಮಾತೂ ಆಡಿರಲಿಲ್ಲ ಎಂದೆ. ಹಬ್ಬದವರೆಗೆ ಒಂದು ಸಾಲನ್ನೂ ಹಾಡಿರಲಿಲ್ಲ ಎಂಬುದನ್ನು ಎರಡು ಸಲ ಹೇಳಿದೆ. ಬಸ್ಸಿನ ಮಾತಿಗೆ ಸಭೆ ನಕ್ಕಿತು. ಆಮೇಲೆ ಹಾಡು ಕೂರಲೇ ಇಲ್ಲ. ಕೀಬೋರ್ಡಿನವರು ಶ್ರುತಿ ಇಳಿಸಬೇಕೇ ಎಂದು ಹುಬ್ಬಿನಲ್ಲೇ ಕೇಳಿದರು.

ಇಳಿದು ಬಂದಾಗ ಸಂಘಟಕರ ಮುಖ ಕೆಂಪಾಗಿತ್ತು. “ಎಂತ ಮಾಡಿದ್ರಿ ಬಾಯಿ? ಬರುವ ವರ್ಷ ಆ ಕಂಡಕ್ಟರನನ್ನೇ ಕರೆಯುವ, ಅವನೇ ಸಾಕ್ಷಿ ಹೇಳಲಿ!”

ನಾನು ಟೀಚರನ್ನು ಹುಡುಕಿದೆ. ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದರು. “ಡಾಕ್ಟರ್ ಹೇಳಿದ್ದನ್ನು ಕೇಳಿ,” ಎಂದೆ. “ನಾನೂ ಕೇಳಿದ್ದೆ. ಮರೆತಿದ್ದೆ.”

ಅವರು ಬಾಯಿ ತೆರೆದು ಮುಚ್ಚಿದರು. ಬ್ಯಾಗಿನಿಂದ ಮೊಬೈಲ್ ತೆಗೆದು ಏನನ್ನೋ ಒತ್ತಿ ನನ್ನತ್ತ ತಿರುಗಿಸಿದರು: ‘ಹಾಗಾದರೆ ಒಂಬತ್ತು ದಿನ ನೀವು ಹೋದದ್ದು ಯಾಕೆ?’

“ಹೆದರಿಕೆ ಆಗಿತ್ತು,” ಎಂದೆ. “ಒಬ್ಬಳೇ ಮನೆಯಲ್ಲಿ ಸುಮ್ಮನೆ ಕೂರಲು ಆಗುತ್ತಿರಲಿಲ್ಲ.”

ಅದನ್ನು ಹಿಂದೆಂದೂ ಎಲ್ಲೂ ಹೇಳಿರಲಿಲ್ಲ. ನಿಜವೇ ಎಂದು ಈಗಲೂ ಯೋಚಿಸುತ್ತೇನೆ, ನಿಜವೆಂದೇ ಕಾಣುತ್ತದೆ. ಅವರ ಮುಖದಲ್ಲಿ ಕೋಪವಿತ್ತು, ಅದು ನನಗೆ ಸಲ್ಲಬೇಕಾದದ್ದೇ. ಮತ್ತೆ ಮೊಬೈಲಿನಲ್ಲಿ ಬೆರಳಾಡಿಸಿದರು: ‘ಸಂಜೆ ನಮ್ಮ ಚರ್ಚಿಗೆ ಬನ್ನಿ. ನಾನು ಹಾಡುವುದಿಲ್ಲ. ಯಾರಾದರೂ ಹಾಡಬೇಕಲ್ಲ.’