ಬಾಣಂತಿಯ ಬಿಳಿ ಅನ್ನ

ತಂಗಿ ಹೆರಿಗೆಗೆಂದು ಬಾಗೂರಿನ ನಮ್ಮ ಮನೆಗೆ ಬಂದಾಗ ಬಾಣಂತನವನ್ನೆಲ್ಲ ಅವ್ವನೇ ಮೈಮೇಲೆ ಹಾಕಿಕೊಂಡಳು. ಮನೆಯವರಿಗೆ ಎಂದಿನ ರಾಗಿಮುದ್ದೆ. ಬಾಣಂತಿಗೆ ಮಾತ್ರ ಅಂಗಡಿಯಿಂದ ತಂದ, ಮಲ್ಲಿಗೆಯಂಥ ಬಿಳಿ ಅಕ್ಕಿ. ನೀರು ತಿಳಿಯಾಗುವವರೆಗೂ ಅದನ್ನು ಉಜ್ಜಿ ತೊಳೆದು, ಗಂಜಿ ಬಸಿದು, ಬಿಸಿ ಅನ್ನಕ್ಕೆ ಮೆಣಸು ಬೆಳ್ಳುಳ್ಳಿಯ ಸಾರು, ತುಪ್ಪ ಹಾಕಿ ಕೊಡುವಳು. ಸೊಪ್ಪು ಬೇಡ, ಕಾಳು ಬೇಡ, ಮುದ್ದೆಯಂತೂ ಬೇಡವೇ ಬೇಡ. ತಾಯಿ ತಿಂದದ್ದು ಹಾಲಿಗಿಳಿದು ಕೂಸಿಗೆ ನಂಜಾಗುತ್ತದೆಂದು ಅವಳ ನಂಬಿಕೆ.

"ಅಣ್ಣಾ, ನಿನ್ ಮುದ್ದೇಲಿ ಒಂದು ತುತ್ತು ಕೊಡೋ" ಎಂದು ತಂಗಿ ಪಿಸುಗುಟ್ಟಿದರೆ ಅಡುಗೆಮನೆಯಿಂದ ಅವ್ವನ ದನಿ: "ಕೊಟ್ಟೀಯಾ ಕಣ್ಲಾ, ಕೈ ಮುರ್ದ್ಬುಡ್ತೀನಿ!"

ಮೂರನೇ ತಿಂಗಳಲ್ಲಿ ಕೂಸು ಹಾಲು ಕಕ್ಕತೊಡಗಿತು. ಅಳುವುದೂ ಕಡಿಮೆಯಾಯಿತು. "ಸಾಧು ಕೂಸು ಕಣವ್ವ, ನಿನ್ನಂಗಲ್ಲ" ಎಂದು ಅವ್ವ ತಂಗಿಯನ್ನು ರೇಗಿಸಿದಳು.

ಒಂದು ಬೆಳಿಗ್ಗೆ ತೊಟ್ಟಿಲ ಬಳಿ ಬಗ್ಗಿ ನೋಡಿದೆ. ಕೂಸು ಅಳುತ್ತಿತ್ತು. ಬಾಯಿ ತೆರೆದಿತ್ತು, ಮುಖ ಕಿವುಚಿಕೊಂಡಿತ್ತು, ಕಣ್ಣಲ್ಲಿ ನೀರಿತ್ತು. ಸದ್ದು ಮಾತ್ರ ಇರಲಿಲ್ಲ. ಹೊಟ್ಟೆ ಬಿರಬಿರನೆ ಏರಿ ಇಳಿಯುತ್ತಿತ್ತು. ತಂಗಿಯನ್ನು ಕೂಗಿದೆ.

ಆಸ್ಪತ್ರೆಗೆಂದು ಕಾರು ಕರೆಸಿದೆ. ಬಾಣಂತಿ ಈಗಲೇ ಹೊಸಲು ದಾಟಬಾರದೆಂದು ಅವ್ವ ಅಡ್ಡ ನಿಂತಳು. ತಂಗಿ ಅರಕಲಗೂಡಿನಲ್ಲಿದ್ದ ಗಂಡನಿಗೆ ಫೋನು ಮಾಡಿದಳು. ಅವರು, "ನಿಮ್ಮಮ್ಮನ್ನ ಒಂದ್ಮಾತು ಕೇಳು" ಎಂದರು.

"ಅವ್ವನ್ನ ಯಾಕ್ರೀ ಕೇಳ್ಲಿ? ಕೂಸಿಗೆ ಅಪ್ಪ ನೀವು, ಅವ್ವ ನಾನು. ಆಸ್ಪತ್ರೆಗೆ ಬನ್ನಿ" ಎಂದು ಫೋನಿಟ್ಟಳು. ಅವ್ವ ದಾರಿ ಬಿಟ್ಟಳು. ಬಿಟ್ಟವಳೇ ಸೆರಗು ಸಿಕ್ಕಿಸಿಕೊಂಡು ನಮಗಿಂತ ಮೊದಲು ಕಾರಿನಲ್ಲಿ ಕೂತಿದ್ದಳು.

ಚನ್ನರಾಯಪಟ್ಟಣದ ಡಾಕ್ಟರು ನೋಡಿ, ತಡಮಾಡದೆ ಹಾಸನಕ್ಕೆ ಹೋಗಿ ಎಂದರು. ಹಾಸನದ ಡಾಕ್ಟರಮ್ಮ ಕೂಸಿನ ಎದೆಗೆ ಸ್ಟೆತಸ್ಕೋಪ್ ಇಟ್ಟುಕೊಂಡೇ ಕೇಳಿದರು: "ತಾಯಿ ಏನು ಊಟ ಮಾಡ್ತಾರೆ?" ಅವ್ವ ಎಲ್ಲವನ್ನೂ ಹೆಮ್ಮೆಯಿಂದಲೇ ಹೇಳಿದಳು. ಅಕ್ಕಿಯ ತವುಡಿನಲ್ಲಿ, ರಾಗಿಯಲ್ಲಿ, ಕಾಳಿನಲ್ಲಿ ಇರುವ ಒಂದು ವಿಟಮಿನ್ನು ತಾಯಿಗೆ ಸಿಗದೆ, ಹಾಲಿನಲ್ಲೂ ಇಲ್ಲದೆ, ಕೂಸಿನ ಹೃದಯ ಸೋತಿರುವಂತಿದೆ, ಗಂಟಲೂ ಅದಕ್ಕೇ ಕಟ್ಟಿದೆ ಎಂದರು. ತಕ್ಷಣ ಇಂಜೆಕ್ಷನ್ ಕೊಟ್ಟರು.

"ನನ್ನೆರಡು ಮಕ್ಳನ್ನೂ ಇಂಗೇ ಸಾಕ್ದೆ ಕಣವ್ವ" ಎಂದಳು ಅವ್ವ. ಅವಳ ದನಿಯೂ ಅಷ್ಟರಲ್ಲಿ ಇಳಿದಿತ್ತು.

"ಆಗ ಯಾವ ಅಕ್ಕಿ, ಅಜ್ಜಿ?"

"ನಮ್ ಗದ್ದೇದು. ಮನೇಲೇ ಕುಟ್ತಿದ್ವಿ, ತವುಡು ಅಂಗೇ ಇರೋದು." ಹೇಳಿದವಳು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

ಸಂಜೆಯ ಹೊತ್ತಿಗೆ ಉಸಿರು ನಿಧಾನವಾಯಿತು. ಮೊದಲು ಬೆಕ್ಕಿನ ಮರಿಯಂಥ ಒಂದು ಕೀರಲು, ಆಮೇಲೆ ನಿಜವಾದ ಅಳು. "ಸುಮ್ನಿರ್ಸಮ್ಮಾ, ವಾರ್ಡೆಲ್ಲಾ ಎದ್ದೋಯ್ತು" ಎಂದು ನರ್ಸು ಗದರಿದರು. ಅವ್ವ ಕಣ್ಣೊರೆಸಿಕೊಂಡು, "ಇನ್ನೊಂದ್ ಚೂರು ಅಳ್ಲಿ ಬುಡವ್ವ" ಎಂದಳು.

ಮಾರನೆಯ ದಿನ ತಂಗಿಯ ಗಂಡ ಎದುರಿನ ಮೆಸ್ಸಿನಿಂದ ಮುದ್ದೆ, ಸೊಪ್ಪಿನ ಸಾರು ತಂದರು. ತಂಗಿ ಮುದ್ದೆ ಮುರಿದಳು. ತಡೆಯಲೆಂದು ಅವ್ವನ ಕೈ ತಾನಾಗಿಯೇ ಮುಂದೆ ಬಂತು. ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಸಾರಿನ ಬಟ್ಟಲನ್ನು ಮಗಳ ಹತ್ತಿರಕ್ಕೆ ಸರಿಸಿತು.