ಉಪ್ಪು ಹಾಕಿ ತಂದ ತುಣುಕು

ಕಳೆದ ವಾರ ಎದುರು ಮನೆಗೆ ಬಣ್ಣ ಹಚ್ಚುವವರು ಥಿನ್ನರ್ ಡಬ್ಬಿ ತೆರೆದಾಗ ಬಂದ ವಾಸನೆ ನನ್ನನ್ನು ಹಡಗಲಿಯ ಹಳೆಯ ಓಣಿಗೆ ಒಯ್ದಿತು. ಎಂಬತ್ತರ ದಶಕದ ಆರಂಭದಲ್ಲಿ ನಾನು ಅಲ್ಲಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಪಕ್ಕದ ಮನೆಯ ಡಾಕ್ಟರಮ್ಮನ ಪಡಸಾಲೆಯಲ್ಲಿ ಸದಾ ಇದೇ ವಾಸನೆ. ಅವರಲ್ಲಿ ಟೆಲಿಫೋನ್ ಇದ್ದುದರಿಂದ ಸಂಜೆ ನಾನು ಅಲ್ಲಿಯೇ ಇರುತ್ತಿದ್ದೆ.

ಅವರು ರೋಗಿಗಳಿಗೆ ಮದ್ದು ಕೊಡುತ್ತಿರಲಿಲ್ಲ. ಸರ್ಜನ್ನರು ಕಳಿಸಿದ ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ, ತೆಳುವಾಗಿ ಕೊಯ್ದು, ಗಾಜಿನ ಮೇಲಿಟ್ಟು, ಥಿನ್ನರಿನಂಥ ದ್ರವದಲ್ಲಿ ಮೇಣ ತೊಳೆದು ಬಣ್ಣ ಹಾಕುತ್ತಿದ್ದರು. ಯಾವ ಜೀವಕೋಶ ಯಾವ ಬಣ್ಣ ಹಿಡಿಯಿತು ಎಂಬುದರಿಂದ ಗಡ್ಡೆ ಎಲ್ಲಿ ಹುಟ್ಟಿದ್ದು ಎಂದು ಹೇಳುವುದು ಅವರ ಕೆಲಸ.

ಒಂದು ದಿನ ಹಂಪಸಾಗರದ ಕಡೆಯ ಕುರಿ ಸಾಕುವವನೊಬ್ಬ ಬಾಟಲಿ ಹಿಡಿದು ಬಂದ. ಅವನ ಹೆಂಡತಿಯ ಹೊಟ್ಟೆ ತೆರೆದ ಸರ್ಜನ್ನರಿಗೆ ಯಕೃತ್ತಿಗೂ ಮೂತ್ರಪಿಂಡಕ್ಕೂ ಅಂಟಿಕೊಂಡ ದೊಡ್ಡ ಗಡ್ಡೆ ಕಂಡಿತ್ತು. ಚೂರು ತೆಗೆದು ಹೊಲಿದು ಕಳಿಸಿದ್ದರು. ಮೂತ್ರಪಿಂಡದ್ದಾದರೆ ಮತ್ತೆ ಕೊಯ್ದು ಪೂರ್ತಿ ತೆಗೆಯಬಹುದು, ಬದುಕುವ ಆಸೆಯಿದೆ. ಯಕೃತ್ತಿನದಾದರೆ ಕೊಯ್ದು ಉಪಯೋಗವಿಲ್ಲ.

ತುಣುಕು ಕೆಡದಂತೆ ಬಾಟಲಿಗೆ ಫಾರ್ಮಲಿನ್ ಹಾಕಿದ್ದರು. ಅದರ ಘಾಟಿಗೆ ಬಸ್ಸಿನಲ್ಲಿದ್ದವರು ಗೊಣಗಿದಾಗ ಕಂಡಕ್ಟರ್ ಅವನನ್ನು ಹಗರಿಬೊಮ್ಮನಹಳ್ಳಿಯಲ್ಲಿ ಇಳಿಸಿದನಂತೆ. ಅವನು ಆ ನೀರು ಚೆಲ್ಲಿ, ಹರಳುಪ್ಪು ಕೊಂಡು, ಕುರಿಯ ಖಂಡಕ್ಕೆ ಹಾಕುವ ಹಾಗೆ ಒತ್ತಿ ತುಂಬಿ ಮುಂದಿನ ಬಸ್ಸು ಹತ್ತಿದ್ದ. ಮಾಂಸ ಕೆಡಬಾರದೆಂದರೆ ಅವನ ಮನೆಯಲ್ಲಿ ಮಾಡುತ್ತಿದ್ದುದು ಅದನ್ನೇ.

"ಉಪ್ಪಿನಕಾಯಿ ಹಾಕ್ಯಾನಲ್ಲ, ಪುಣ್ಯಾತ್ಮ," ಎಂದು ಡಾಕ್ಟರಮ್ಮ ನನಗಷ್ಟೇ ಕೇಳುವಂತೆ ಹೇಳಿದರು. ಅವನನ್ನು ಬೈಯಲಿಲ್ಲ.

ಆದರೂ ಬಣ್ಣ ಹಾಕಿ ನೋಡಿದರು. ಯಕೃತ್ತಿನ ಕೋಶಗಳಲ್ಲಿ ಪಿತ್ತವಿದ್ದರೆ ಹಸಿರು ಕಾಣಬೇಕು. ಹಸಿರು ಇರಲಿಲ್ಲ. ಆದರೆ ಉಪ್ಪಿಗೆ ಕೋಶಗಳೇ ಮುರುಟಿದ್ದವು. ಮತ್ತೆ ವಿಚಾರಿಸಲು ಬಂದ ಗಂಡ ಕೈಮುಗಿದ: "ಕಿಡ್ನಿದು ಅಂತ ಬರದ್ಬಿಡ್ರಿ ಅಮ್ಮಾರ. ಕೊಯ್ದು ತೆಗೀತಾರ, ಅಕಿ ಉಳೀತಾಳ."

ಹಸಿರಿಲ್ಲ ಎಂದರೆ ಕಿಡ್ನಿಯದೇ ಅಲ್ಲವೇ ಎಂದು ನಾನೂ ಕೇಳಿದೆ. ಅವರು ನಕ್ಕರು. "ನೀವು ಊಹೆ ಬರದ್ರ ಮರುದಿನ ತಿದ್ದುಪಡಿ ಹಾಕ್ತೀರಿ. ನಾನು ಎಲ್ಲಿ ಹಾಕ್ಲಿ?"

ಸೂಜಿಯಿಂದ ಇನ್ನೊಂದು ಚೂರು ತೆಗೆಯಲು ಸರ್ಜನ್ನರಿಗೆ ಹೇಳಿ, ಘಾಟು ಹೊರಬಾರದಂತೆ ಬಾಟಲಿಯ ಬಿರಡೆಗೆ ತಾವೇ ಮೇಣ ಹಚ್ಚಿ ಕೊಟ್ಟರು. ಈ ಸಲ ಹೆಂಡತಿಯೂ ಜೊತೆಗೆ ಬಂದಳು. ಫಲಿತಾಂಶ ತಾನೇ ಕೇಳಬೇಕೆಂದು ಹಟ ಹಿಡಿದಿದ್ದಳಂತೆ. ಬಣ್ಣದ ಕೆಲಸ ಮುಗಿಯುವವರೆಗೆ ಹತ್ತಿರದ ಇಟ್ಟಿಗಿ ಊರಿನ ನೆಂಟರಲ್ಲಿ ಉಳಿದರು.

ಕೆಲಸ ಮುಗಿದ ಸಂಜೆ ಡಾಕ್ಟರಮ್ಮ ಅವಳನ್ನೇ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಒಂದು ಕಣ್ಣು ಮುಚ್ಚಿ ನೋಡಿ ಅವಳೆಂದಳು: "ಅಲ್ಲಲ್ಲಿ ಹಸರು ಐತಲ್ರಿ."

ಅದು ಯಕೃತ್ತಿನ ಗಡ್ಡೆ, ಕೊಯ್ದರೂ ಹೋಗುವುದಿಲ್ಲ, ಎಂದು ಡಾಕ್ಟರಮ್ಮ ಅವಳ ಮುಖ ನೋಡಿಯೇ ಹೇಳಿದರು. ಗಂಡ ನೆಲದ ಮೇಲೆ ಕೂತುಬಿಟ್ಟ. ಅವಳು ಸೂಕ್ಷ್ಮದರ್ಶಕದಿಂದ ಹಿಂದೆ ಸರಿದು ಕೇಳಿದಳು:

"ಹಂಗಾರ ಮತ್ತ ಹೊಟ್ಟಿ ಕೊಯ್ಯಂಗಿಲ್ಲಲ್ರಿ?"

"ಇಲ್ಲವ್ವ."

"ಮೊದಲ ಕೊಯ್ದಿದ್ದು ಇನ್ನಾ ಮಾಗಿಲ್ಲ ನೋಡ್ರಿ," ಎಂದು ಸೆರಗು ಸರಿಮಾಡಿಕೊಂಡು ಗಂಡನ ಕಡೆ ತಿರುಗಿದಳು. "ಏಳ್ರಿ, ಬಸ್ಸು ಹೋಗ್ತೈತಿ."

ಕೆಲವು ತಿಂಗಳಲ್ಲಿ ಅವಳು ತನ್ನ ಮನೆಯಲ್ಲಿಯೇ ತೀರಿಕೊಂಡಳು. ಗಂಡನೇ ಬಂದು ಹೇಳಿ ಹೋದ. ಡಾಕ್ಟರಮ್ಮ ಅಂದು ಕೆಲಸ ನಿಲ್ಲಿಸಲಿಲ್ಲ.

ಈಗ ಒಂದೊಂದು ಅಂಗದ ಕೋಶವನ್ನೇ ಹುಡುಕಿ ಕಂದು ಬಣ್ಣ ಕೂರಿಸುವ ಪರೀಕ್ಷೆಗಳು ಬಂದಿವೆ. ಹೋದ ತಿಂಗಳು ನನ್ನ ತಮ್ಮನ ಗಡ್ಡೆಯ ವರದಿಯಲ್ಲಿ ಅಂಥ ಹಲವು ಹೆಸರುಗಳಿದ್ದವು. ವೈದ್ಯರು ಅವನ್ನೆಲ್ಲ ಓದಿ, ನೋಡೋಣ ಎಂದರು. ಹೊರಗೆ ಬಂದ ತಮ್ಮ ಕೇಳಿದ: "ಕೊಯ್ತಾರೋ ಇಲ್ಲೋ, ಏನಂದ್ರು?"

ಮುಖ ನೋಡಿ ಹೇಳುತ್ತಿದ್ದ ಡಾಕ್ಟರಮ್ಮ ತೀರಿಹೋಗಿ ಬಹಳ ವರ್ಷಗಳಾದವು.