ಮೊದಲ ಹೆಸರು ನನ್ನ ಮಗನದು

ರೇಣುಕಾ, ಆ ವರ್ಷ ನಿಮ್ಮ ಊರಿಗೆ ದಡಾರ ತಂದವಳು ನೀನಲ್ಲ. ತಂದವನು ನನ್ನ ಮಗ — ಅಲ್ಲ, ಮೂರು ತುಂಬದ ಕೂಸು ಏನು ತರುತ್ತದೆ — ತಂದವಳು ನಾನು. ಇದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಬೇನೆ ಬಿದ್ದ ಮಕ್ಕಳ ಪಟ್ಟಿಯ ಮೊದಲ ಸಾಲಿನಲ್ಲಿ ನಿನ್ನ ಹೆಸರು ಬರೆದೆ. ಅವನ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ.

ಇಷ್ಟು ಬರೆಯುವುದಕ್ಕೇ ನನಗೆ ಮೂರು ದಿನ ಹಿಡಿದಿದೆ. ಮುಂದಿನದನ್ನು ಒಂದೇ ಸಲಕ್ಕೆ ಬರೆದು ಮುಗಿಸಬೇಕು, ಇಲ್ಲದಿದ್ದರೆ ಮತ್ತೆ ಹರಿದು ಹಾಕಿಬಿಡುತ್ತೇನೇನೋ ಎಂಬ ಭಯ.

ನಿನಗಾಗ ನಾಲ್ಕು ವರ್ಷ. ಶಹಾಪುರದಿಂದ ಸಗರಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಸಿಗುವ ನಿಮ್ಮ ಊರಿನಲ್ಲಿ ನಾನು ನರ್ಸ್ ಆಗಿದ್ದೆ. ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಆರೋಗ್ಯ ಉಪಕೇಂದ್ರದ ಹಿಂದಿನ ಎರಡು ಕೋಣೆಗಳಲ್ಲಿ ನಾನು ಮತ್ತು ನನ್ನ ಮಗ ಸಂತೋಷ ಇದ್ದೆವು. ಗಂಡ ಯಾದಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತರು, ವಾರಕ್ಕೊಮ್ಮೆ ಬರುತ್ತಿದ್ದರು. ಮದುವೆಯಾಗಿ ಹತ್ತು ವರ್ಷಕ್ಕೆ ಹುಟ್ಟಿದ ಮಗ ಅವನು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ — ಇಲ್ಲ, ಅದು ಕಾರಣವಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಏಳು ತಿಂಗಳಿದ್ದಾಗ ಯಾವುದೋ ಜ್ವರ ನೆತ್ತಿಗೇರಿ ಅವನಿಗೆ ಫಿಟ್ಸ್ ಬಂದಿತ್ತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ತುಟಿ ನೀಲಿಯಾಗಿ, ನನ್ನ ತೊಡೆಯ ಮೇಲೇ ಸೆಟೆದುಕೊಂಡಿದ್ದ. ಎರಡು ನಿಮಿಷದಲ್ಲಿ ಸರಿಹೋದ. ಆದರೆ ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಹಾಕುವ ದಿನ ಬಂದಾಗ ನನ್ನ ಕೈ ಮೇಲೇಳಲಿಲ್ಲ. ಲಸಿಕೆ ಹಾಕಿದರೆ ಒಂದೆರಡು ದಿನ ಜ್ವರ ಬರಬಹುದು, ಅಷ್ಟಕ್ಕೆಲ್ಲ ಹೆದರಿ ಲಸಿಕೆ ತಪ್ಪಿಸಬಾರದು — ಇದನ್ನು ನಾನೇ ಎಷ್ಟೋ ತಾಯಂದಿರಿಗೆ ಹೇಳಿದ್ದೆ. ಅವರ ಮಕ್ಕಳ ತೋಳು ಹಿಡಿದು ಸೂಜಿ ಚುಚ್ಚಿದ್ದೆ. ನನ್ನ ಕೂಸಿಗೆ ಮಾತ್ರ ಮುಂದಿನ ವಾರ ಎಂದುಕೊಂಡೆ. ಆಮೇಲೆ ಮುಂದಿನ ತಿಂಗಳು ಎಂದುಕೊಂಡೆ. ಕೊನೆಗೊಂದು ದಿನ ರಿಜಿಸ್ಟರಿನಲ್ಲಿ ಅವನ ಹೆಸರಿನ ಎದುರು 'ಹಾಕಿದೆ' ಎಂದು ಬರೆದು ಮುಚ್ಚಿಟ್ಟೆ.

ಅವನಿಗೆ ಎರಡೂವರೆ ವರ್ಷವಾದಾಗ ಯಾದಗಿರಿಯಲ್ಲಿ ನಾದಿನಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆವು. ಅಲ್ಲೊಂದು ಮಗು ಕಣ್ಣು ಕೆಂಪಗೆ ಮಾಡಿಕೊಂಡು ಕೆಮ್ಮುತ್ತಿತ್ತು. ಸಂತೋಷ ಅದರ ಜೊತೆ ಆಡಿದ. ಹತ್ತು ಹನ್ನೊಂದು ದಿನ ಕಳೆದ ಮೇಲೆ ಇವನಿಗೂ ಮೂಗು ಸೋರಿತು, ಮೈ ಬೆಚ್ಚಗಾಯಿತು. ನೆಗಡಿ ಎಂದುಕೊಂಡೆ. ಅಂದು ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದಿನ. ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ, ಎತ್ತಿಕೊಂಡು ಹೋದೆ.

ನಿಮ್ಮವ್ವ ಮಲ್ಲಮ್ಮ ನಿನ್ನನ್ನು ಕರೆದುಕೊಂಡು ಅಲ್ಲಿಗೆ ಬಂದಿದ್ದಳು. ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ನೀವು ಬಂದು ಎರಡು ದಿನವಾಗಿತ್ತು. ಕೆಲಸ ಸಿಕ್ಕಲ್ಲಿಗೆಲ್ಲ ಅಲೆದದ್ದರಿಂದ ನಿನಗೂ ದಡಾರದ ಲಸಿಕೆ ತಪ್ಪಿತ್ತು. ನೀನು ಕಿಟಕಿಯ ಹತ್ತಿರ ಕುಳಿತು ಬೆಲ್ಲ ಹಚ್ಚಿದ ಶೇಂಗಾ ತಿನ್ನುತ್ತಿದ್ದೆ, ಚೆನ್ನಾಗಿ ನೆನಪಿದೆ. ನಾನು ತಕ್ಕಡಿ ಹಿಡಿದು ನಿಂತಾಗ ಸಂತೋಷ ಅಳತೊಡಗಿದ. ನಿಮ್ಮವ್ವ ಅವನನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು.

“ಮೈ ಭಾಳ ಸುಡಾಕತ್ತದಲ್ರಿ ಸಿಸ್ಟರ್,” ಎಂದಳು.

“ನೆಗಡಿ ಆಗ್ಯಾದ,” ಎಂದೆ.

ಎರಡು ದಿನದ ಮೇಲೆ ಅವನ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿದೆ. ಕೆನ್ನೆಯ ಒಳಗಡೆ ಉಪ್ಪಿನ ಕಣದಂಥ ಬಿಳಿ ಚುಕ್ಕೆಗಳು. ಮರುದಿನ ಬೆಳಿಗ್ಗೆ ಕಿವಿಯ ಹಿಂದೆ ಕೆಂಪು ಗುಳ್ಳೆಗಳು ಎದ್ದವು. ನನಗೆ ತಿಳಿಯಿತು. ತಿಳಿದ ಕೂಡಲೆ — ಇದನ್ನು ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ಕಷ್ಟ — ಮೊದಲು ನೆನಪಾದದ್ದು ಅಂಗನವಾಡಿಯ ಮಕ್ಕಳಲ್ಲ, ರಿಜಿಸ್ಟರಿನ ಆ ಒಂದು ಸಾಲು.

ಗುಳ್ಳೆ ಏಳುವುದಕ್ಕೆ ನಾಲ್ಕು ದಿನ ಮೊದಲೇ ದಡಾರ ಒಬ್ಬರಿಂದ ಇನ್ನೊಬ್ಬರಿಗೆ ಹಾಯುತ್ತದೆ. ಕೆಮ್ಮಿದವರು ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಒಂದೆರಡು ತಾಸು ಉಳಿದಿರುತ್ತದೆ. ಆದರೆ ಸೋಂಕು ತಗಲಿದ ಮೂರು ದಿನದೊಳಗೆ ಲಸಿಕೆ ಹಾಕಿದರೆ ಎಷ್ಟೋ ಮಕ್ಕಳನ್ನು ಉಳಿಸಿಕೊಳ್ಳಬಹುದು. ಅಂಗನವಾಡಿಯ ದಿನದಿಂದ ಅದು ಮೂರನೆಯ ದಿನ. ಸಂಜೆಯವರೆಗೆ ಸಮಯವಿತ್ತು. ಶಹಾಪುರಕ್ಕೆ ಒಂದು ಫೋನು ಮಾಡಿದ್ದರೆ ಲಸಿಕೆ ಬರುತ್ತಿತ್ತು. ಆ ಕೋಣೆಯಲ್ಲಿ ಯಾರು ಯಾರು ಕುಳಿತಿದ್ದರೆಂದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು? ಫೋನಿನ ಮುಂದೆ ಕುಳಿತೆ. ಹನ್ನೊಂದು ಗಂಟೆಗೆ ಮಾಡೋಣ ಎಂದುಕೊಂಡೆ, ಊಟವಾದ ಮೇಲೆ ಎಂದುಕೊಂಡೆ. ಬಾಗಿಲು ಬಡಿದ ಶಬ್ದ ಕೇಳಿದರೆ ಮಗನ ಬಾಯಿಗೆ ಸೆರಗು ಒತ್ತಿ ಕೆಮ್ಮು ಹೊರಗೆ ಕೇಳದಂತೆ ಮಾಡುತ್ತಿದ್ದೆ. ಕೇಳಿದವರಿಗೆ ಅವನನ್ನು ಯಾದಗಿರಿಗೆ ಕಳಿಸಿದ್ದೇನೆ ಎಂದೆ. ಸಂಜೆಯಾಯಿತು. ಫೋನು ಮಾಡಲಿಲ್ಲ.

ಸಂತೋಷ ಒಂದು ವಾರದಲ್ಲಿ ಆರಾಮಾದ. ನಾನು ಮಾತ್ರ ಒಂದೊಂದೇ ದಿನ ಎಣಿಸುತ್ತ ಕುಳಿತೆ. ದಾರಿಯಲ್ಲಿ ಯಾವ ಮಗು ಸೀನಿದರೂ ನಿಂತು ಅದರ ಕಿವಿಯ ಹಿಂದೆ ನೋಡುತ್ತಿದ್ದೆ. ಯಾರಿಗೂ ಏನೂ ಆಗದಿರಬಹುದು, ಆಗದಿರಲಿ, ಆಗದಿದ್ದರೆ ಇನ್ನು ಮುಂದೆ ಎಂದೂ — ಹೀಗೆಲ್ಲ ಹರಕೆ ಹೊತ್ತೆ. ಹನ್ನೆರಡನೆಯ ದಿನ, ಹದಿಮೂರನೆಯ ದಿನ ಏನೂ ಇಲ್ಲ. ಹದಿನಾಲ್ಕನೆಯ ದಿನ ನಿಮ್ಮವ್ವ ನಿನ್ನನ್ನು ಹೆಗಲಿಗೆ ಹಾಕಿಕೊಂಡು ಉಪಕೇಂದ್ರಕ್ಕೆ ಬಂದಳು.

“ಸಿಸ್ಟರ್, ಹುಡುಗಿಗಿ ಗೊಬ್ಬರ ಎದ್ದಾವ ನೋಡ್ರಿ.” ದಡಾರಕ್ಕೆ ನಮ್ಮ ಕಡೆ ಹಾಗೆಯೇ ಅನ್ನುತ್ತಾರೆ.

ಆ ವಾರ ಇನ್ನೂ ಆರು ಮಕ್ಕಳಿಗೆ ಬಂತು. ಆರೂ ಅಂದು ಅಂಗನವಾಡಿಯಲ್ಲಿ ಇದ್ದವೇ, ಲಸಿಕೆಯ ವಯಸ್ಸಾಗದವು ಇಲ್ಲವೇ ಲಸಿಕೆ ತಪ್ಪಿದವು. ತಾಲ್ಲೂಕಿನಿಂದ ಡಾಕ್ಟರು ಜೀಪಿನಲ್ಲಿ ಬಂದರು. ಶಾಂತ ಸ್ವಭಾವದ ವಯಸ್ಸಾದ ಮನುಷ್ಯ. ಯಾವ ಮಗುವಿಗೆ ಯಾವ ದಿನ ಗುಳ್ಳೆ ಎದ್ದವು ಎಂದು ನನ್ನಿಂದಲೇ ಬರೆಸಿದರು. ಮೊದಲು ಯಾರಿಗೆ ಬಂತು ಎನ್ನುವುದು ತಿಳಿದರೆ ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹುಡುಕಬಹುದು, ಯಾವ ಊರು ಯಾವ ಮನೆ ನೋಡಬೇಕು ಎಂಬುದು ಗೊತ್ತಾಗುತ್ತದೆ ಎಂದು ತಿಳಿಸಿ ಹೇಳಿದರು. ಆಮೇಲೆ ಕೇಳಿದರು:

“ಇದಕ್ಕೂ ಮೊದಲ ಊರಾಗ ಯಾರಿಗರ ಹಿಂಗ ಆಗಿತ್ತೇನ್ರಿ ಸಿಸ್ಟರ್? ಚೊಲೊತ್ನಾಗಿ ನೆನಪ ಮಾಡ್ರಿ.”

ಒಳಕೋಣೆಯಲ್ಲಿ ಸಂತೋಷ ಡಬ್ಬಿ ಬಡಿಯುತ್ತ ಆಡುತ್ತಿದ್ದ. ಅವನ ಗುಳ್ಳೆಗಳು ಮಾಯ್ದು ಮೈಮೇಲಿನ ಹೊಟ್ಟು ಕೂಡ ಉದುರಿಹೋಗಿತ್ತು.

“ಇಲ್ರಿ ಸರ್,” ಎಂದೆ. “ಪುಣೆದಿಂದ ಬಂದೋರು ಅದಾರ. ಅವರ ಹುಡುಗಿಗೇ ಮೊದಲ ಎದ್ದಾವ್ರಿ.”

ಅವರು ತಲೆಯಾಡಿಸಿದರು. ನಾನು ಬರೆದೆ — ಒಂದನೆಯ ಸಾಲು, ರೇಣುಕಾ, ನಾಲ್ಕು ವರ್ಷ, ಪುಣೆಯಿಂದ ಬಂದವರು. ಆ ಒಂದು ಸಾಲನ್ನು ನೆಚ್ಚಿ ಡಾಕ್ಟರ ತಂಡದವರು ಪುಣೆಯ ಕಡೆಗೆ ಪತ್ರ ಬರೆದರು. ಯಾದಗಿರಿಯ ಆ ತೊಟ್ಟಿಲ ಕಾರ್ಯಕ್ಕೆ ಬಂದಿದ್ದ ಮಕ್ಕಳ ಮನೆಗೆ ಯಾರೂ ಹೋಗಲಿಲ್ಲ. ಅಲ್ಲಿಂದ ಅದು ಎಷ್ಟು ಮನೆ ಹೊಕ್ಕಿತೋ, ಯಾವ ಕೂಸಿಗೆ ಏನಾಯಿತೋ, ನನಗೆ ತಿಳಿಯದು. ತಿಳಿದುಕೊಳ್ಳಲು ಹೋಗಲೂ ಇಲ್ಲ.

ಆ ಮಾತು ಉಪಕೇಂದ್ರದ ಗೋಡೆ ದಾಟಲು ಹೊತ್ತು ಹಿಡಿಯಲಿಲ್ಲ. ಮರುದಿನ ನಳದ ಹತ್ತಿರ ನಿಮ್ಮವ್ವ ಹೋದರೆ ಹೆಂಗಸರು ತಮ್ಮ ಕೊಡಗಳನ್ನು ಸರಿಸಿಕೊಂಡರಂತೆ. ಹಿಟ್ಟಿನ ಗಿರಣಿಯವನು, ಎಲ್ಲರದೂ ಮುಗಿದ ಮೇಲೆ ಬಾ ಎಂದನಂತೆ. ಅಂಗನವಾಡಿಗೆ ನೀವಷ್ಟೇ ಬರಬೇಡಿ ಎಂದರು. ಅದನ್ನಾದರೂ ನಾನು ಹೇಳುವ ರೀತಿಯಲ್ಲಿ ಹೇಳಬಹುದಿತ್ತು, ಬೇನೆ ಇರುವ ಎಲ್ಲ ಏಳು ಮಕ್ಕಳಿಗೂ ಹೇಳಬಹುದಿತ್ತು. ಹೇಳಲಿಲ್ಲ. ಆ ಸಂಜೆ ನಿನಗೆ ಎ ಜೀವಸತ್ವದ ಹನಿ ಹಾಕಿಸಲು ಬಂದ ನಿಮ್ಮವ್ವ ನನ್ನ ಮುಂದೆ ಕುಳಿತಳು. ಅಳುತ್ತಿರಲಿಲ್ಲ.

“ನಾವು ಬರೂವಾಗ ಹುಡುಗಿ ಆರಾಮ ಇದ್ಳುರಿ. ಅವತ್ತು ಅಂಗನವಾಡ್ಯಾಗ ನಿಮ್ಮ ಮಗನ ಮೈ ಸುಡತಿತ್ತು. ನಾನೇ ಎತ್ಕೊಂಡಿದ್ದೆ. ನೀವರ ಊರಾಗ ಒಂದ್ ಮಾತ ಹೇಳ್ರಿ.”

“ಅದು ನೆಗಡಿ ಅಂತ ಅವತ್ತೇ ಹೇಳೀನಿ,” ಎಂದೆ. “ಇಲ್ಲದ್ದನ್ನ ಹಚ್ಚಬ್ಯಾಡ ಮಲ್ಲಮ್ಮ.”

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಿನ್ನನ್ನು ನನ್ನ ಮುಂದಕ್ಕೆ ಸರಿಸಿದಳು. ನಿನ್ನ ಎಡಗಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಹನಿ ಹಾಕಿ, ನಾಳೆ ಇನ್ನೊಂದು ಸಲ ಹಾಕಬೇಕು, ಕಣ್ಣು ಉಳಿಯಬೇಕಾದರೆ ತಪ್ಪಿಸಬಾರದು ಎಂದೆ. ಮರುದಿನ ಬಾಟಲಿ ಹಿಡಿದು ನಾನೇ ನಿಮ್ಮ ಮನೆಗೆ ಹೋದೆ. ಕೀಲಿ ಹಾಕಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೇ ಸುರಪುರದ ತವರಿಗೆ ಹೋದರು ಎಂದು ಪಕ್ಕದ ಮನೆಯಾಕೆ ಹೇಳಿದಳು. “ಪೀಡಾ ಹೋತು ಬಿಡ್ರಿ,” ಎಂದಳು. ಸುರಪುರಕ್ಕೆ ಸುದ್ದಿ ಮುಟ್ಟಿಸಬಹುದಿತ್ತು. ಆದರೆ ಮಲ್ಲಮ್ಮ ಅಲ್ಲಿ ಬಾಯಿ ಬಿಟ್ಟರೆ? ಬಾಟಲಿಯನ್ನು ತಂದು ಇದ್ದಲ್ಲಿಯೇ ಇಟ್ಟೆ.

ಊರಿನ ಉಳಿದ ಮಕ್ಕಳೆಲ್ಲ ಬದುಕಿದರು. ನನಗೆ ಒಳ್ಳೆಯ ಹೆಸರೂ ಬಂತು. ಅದಾದ ಮೇಲೆ ಒಂದು ಮಗುವಿನ ಲಸಿಕೆಯನ್ನೂ ನಾನು ತಪ್ಪಿಸಲಿಲ್ಲ, ಸಂತೋಷನಿಗೂ ಆಮೇಲೆ ಎಲ್ಲವನ್ನೂ ಹಾಕಿಸಿದೆ. ಇದನ್ನು ಸಮಾಧಾನಕ್ಕೆಂದು ಹೇಳುತ್ತಿಲ್ಲ. ನನಗೆ ಅದರಿಂದ ಸಮಾಧಾನ ಆಗಲೂ ಇಲ್ಲ.

ಕೊರೊನಾ ಬಂದ ವರ್ಷ ನಿಮ್ಮನ್ನು ಮತ್ತೆ ಕಂಡೆ. ಪುಣೆ, ಮುಂಬಯಿಯಿಂದ ಬಸ್ಸುಗಳಲ್ಲಿ ಬಂದವರನ್ನು ಒಂದು ಶಾಲೆಯಲ್ಲಿ ಇಟ್ಟಿದ್ದರು. ನಾನು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒಬ್ಬೊಬ್ಬರ ಹೆಸರು, ಊರು ಬರೆದುಕೊಳ್ಳುತ್ತಿದ್ದೆ. ಸಾಲಿನಲ್ಲಿ ಬಂದ ಒಬ್ಬ ಹೆಂಗಸು ನನ್ನ ಧ್ವನಿ ಕೇಳಿ ನಿಂತಳು. ಪಕ್ಕದಲ್ಲಿ ನೀನು, ಎತ್ತರಕ್ಕೆ ಬೆಳೆದ ಹುಡುಗಿ. ಎಡಗಣ್ಣಿನ ಕರಿಗುಡ್ಡೆಯ ಮೇಲೆ ಹಾಲು ಚೆಲ್ಲಿದಂತೆ ಬಿಳುಪು.

“ಈ ಸಲಾನೂ ನಾವೇ ತಂದೀವಂತ ಬರೀತೀರೇನ್ರಿ ಸಿಸ್ಟರ್?” ಎಂದಳು ನಿಮ್ಮವ್ವ.

ನೀನು ಆಕೆಯ ಕೈ ಜಗ್ಗಿದೆ. ನಾನು ನಿಮ್ಮ ಹೆಸರು ಬರೆದುಕೊಂಡು ಮುಂದಿನವರನ್ನು ಕರೆದೆ. ಆಗಲೂ ನಾನು ಬಾಯಿ ಬಿಡಲಿಲ್ಲ, ರೇಣುಕಾ. ಮತ್ತೂ ಐದು ವರ್ಷ, ನೌಕರಿ ಮುಗಿಯುವ ತನಕ ಸುಮ್ಮನಿದ್ದೆ.

ಹೋದ ತಿಂಗಳು ಸುರಪುರಕ್ಕೆ ಬಂದು, ಕೇಳುತ್ತ ಕೇಳುತ್ತ ನಿಮ್ಮ ಮನೆ ಹುಡುಕಿದೆ. ನೀನು ಹೊಲಿಗೆ ಅಂಗಡಿಗೆ ಕೆಲಸಕ್ಕೆ ಹೋಗಿದ್ದೆ. ನಿಮ್ಮವ್ವ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಆಕೆ ಕೈ ನಿಲ್ಲಿಸಲಿಲ್ಲ. ಹಂಚಿನ ಮೇಲಿನ ರೊಟ್ಟಿ ಬೇಯಿಸಿ ತೆಗೆದಿಟ್ಟು, ಆಮೇಲೆ ಅಂದಳು:

“ನನಗ ಅವತ್ತೇ ಗೊತ್ತಿತ್ತುರಿ. ಆಕಿಗಿ ಗೊತ್ತಿಲ್ಲ. ತನ್ನಿಂದನೇ ಅಷ್ಟೂ ಹುಡುಗರು ಬ್ಯಾನಿ ಬಿದ್ವು ಅಂತ ತಿಳಕೊಂಡು ಬೆಳದಾಳ. ಈಗೂ ಯಾರದರ ಮನ್ಯಾಗ ಸಣ್ಣ ಕೂಸು ಇದ್ರ ಒಳಗ ಹೋಗಂಗಿಲ್ಲ, ಹೊರಗ ನಿಂದರ್ತಾಳ.”

ಕಣ್ಣಿನದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಕೈ ಮುಗಿಯಲು ಹೋದೆ.

“ನನಗ ಕೈ ಮುಗದು ಏನ್ ಮಾಡ್ತೀರಿ? ಆಕಿಗಿ ಹೇಳ್ರಿ. ಊರಿಗಿ ಹೇಳ್ರಿ. ಅವರು ನಮ್ಮ ಹೆಸರ ಹಿಡದು ಬೈದಾರ, ನೀವು ಹೆಸರ ಹಿಡದೇ ಹೇಳ್ರಿ.”

ಕೂಡ್ರಿ ಅನ್ನಲಿಲ್ಲ, ನೀರು ಕೊಡಲಿಲ್ಲ. ಅದೇ ಸರಿ.

ಸಂತೋಷನಿಗೂ ಹೇಳಿದೆ. ಶಹಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ ಅವನು. “ಆಕಿಗಿ ಆ ಕಣ್ಣಾಗ ಏನರ ಕಾಣ್ತದೇನವ್ವಾ?” ಎಂದ. ನನಗೆ ಗೊತ್ತಿರಲಿಲ್ಲ. ಅದನ್ನೂ ನಾನು ಕೇಳಿರಲಿಲ್ಲ. ಆ ದಿನದಿಂದ ಮನೆಗೆ ಬಂದರೂ ಅವನು ನನ್ನೊಂದಿಗೆ ಹೆಚ್ಚು ಮಾತಾಡುವುದಿಲ್ಲ.

ಆರೋಗ್ಯ ಇಲಾಖೆಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಏನು ಕ್ರಮ ಕೈಗೊಳ್ಳುತ್ತಾರೋ ಕೈಗೊಳ್ಳಲಿ. ಬರುವ ಗುರುವಾರ ಊರಿನ ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ, ತಾಯಂದಿರೆಲ್ಲ ಸೇರುತ್ತಾರೆ. ಈಗಿನ ನರ್ಸ್ ಚಿಕ್ಕ ವಯಸ್ಸಿನ ಹುಡುಗಿ. ನನಗೆ ಹತ್ತು ನಿಮಿಷ ಕೊಡು ಎಂದಾಗ ಹೆದರಿದಳು. “ಮೇಡಮ್, ಇದನ್ನ ಕೇಳಿ ಮಂದಿಗಿ ಲಸಿಕಿ ಮ್ಯಾಲಿನ ನಂಬಿಕಿನೇ ಹೋದ್ರ?” ಎಂದಳು. ಆ ಭಯ ನನಗೂ ಇದೆ. ಅದಕ್ಕೆಂದೇ, ಲಸಿಕೆ ನನ್ನ ಮಗನ ಕೈ ಬಿಡಲಿಲ್ಲ, ನಾನೇ ಅದನ್ನು ಅವನಿಗೆ ಕೊಡಲಿಲ್ಲ ಎಂದು ಮೊದಲು ಹೇಳುತ್ತೇನೆ. ಆಮೇಲೆ ಉಳಿದದ್ದು.

ನೀನು ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ, ಕೇಳುವುದೂ ಇಲ್ಲ. ಅಂದು ಕೊಡ ಸರಿಸಿದ ಹೆಂಗಸರಲ್ಲಿ ಕೆಲವರು ಈಗ ಮೊಮ್ಮಕ್ಕಳನ್ನು ಎತ್ತಿಕೊಂಡು ಅಲ್ಲಿಗೆ ಬರುತ್ತಾರೆ. ಅವರು ಬೈಯಬಹುದು, ಎದ್ದು ಹೋಗಬಹುದು. ಎದ್ದು ಹೋದವರ ಮನೆಗೆ ಸಂಜೆ ಹೋಗಿ, ಬಾಗಿಲಲ್ಲಿ ನಿಂತು, ನಿನ್ನ ಹೆಸರು ಹಿಡಿದು, ನಿಮ್ಮವ್ವನ ಹೆಸರು ಹಿಡಿದು ಹೇಳುತ್ತೇನೆ. ಒಂದು ಮನೆಯನ್ನೂ ಬಿಡುವುದಿಲ್ಲ.